ವಾಪಸು ಕೊಟ್ಟ ಪಿಸ್ತೂಲು

ಬಸ್ಸು ಗುಂಡಿಗೆ ಇಳಿದು ಎದ್ದಾಗಲೆಲ್ಲ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. ತೊಡೆಯ ಮೇಲಿನ ಚೀಲದಲ್ಲಿ, ಎರಡು ಟವೆಲ್ ಸುತ್ತಿ ಮೇಲೆ ಹೆಣಿಗೆಯ ಉಣ್ಣೆ ತುರುಕಿದ ಗಂಡನ ಪಿಸ್ತೂಲಿತ್ತು. ಪಕ್ಕದ ಸೀಟಿನವಳ ಮೊಣಕೈ ಚೀಲಕ್ಕೆ ತಾಗಿದಾಗ ಅದನ್ನು ತನ್ನತ್ತ ಎಳೆದುಕೊಂಡಳು.

“ಒಡೆಯೋ ಸಾಮಾನೇನ್ರೀ?”

“ಹೌದು. ಸ್ವಲ್ಪ ನಾಜೂಕು.”

ಮೂವತ್ತೇಳು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತರಾದ ಯಜಮಾನರಿಗೆ ಇಲಾಖೆ ಕೆಲವು ಸವಲತ್ತು ಕೊಟ್ಟಿತ್ತು. ಗುರುತಿನ ಚೀಟಿ, ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆ, ಜೊತೆಗೆ ಪಿಸ್ತೂಲು ಇಟ್ಟುಕೊಳ್ಳುವ ಅನುಮತಿ. ಮೊದಲ ಎರಡು ಅವರಿಗೆ ಲೆಕ್ಕಕ್ಕಿಲ್ಲ. ಪಿಸ್ತೂಲಿನ ಮೇಲೇ ಜೀವ. ಅದಕ್ಕಾಗಿ ವರ್ಷಕ್ಕೊಮ್ಮೆ ಶಸ್ತ್ರಾಗಾರದಲ್ಲಿ ಗುರಿ ಪರೀಕ್ಷೆ ಪಾಸಾಗಬೇಕು. ಅವರ ಪಿಸ್ತೂಲನ್ನು ಶುಚಿಗೆಂದು ಒಳಗೆ ಒಯ್ದು, ಪರೀಕ್ಷೆಗೆ ಅಲ್ಲಿಯದೇ ಒಂದನ್ನು ಕೊಡುತ್ತಿದ್ದರು. ಚಹಾ ಲೋಟ ಹಿಡಿದರೆ ತಟ್ಟೆ ತುಂಬ ಚೆಲ್ಲುವ ಕೈ ಅದು ಹೇಗೆ ಪ್ರತಿವರ್ಷ ಪಾಸಾಗಿ ಬರುತ್ತಿತ್ತೋ ದೇವರೇ ಬಲ್ಲ.

ಕೈ ಹೋಗಲಿ, ಈಚೆಗೆ ನೆನಪೂ ಕೆಟ್ಟಿತ್ತು. ಪೇಪರಿನವನನ್ನು ಎಂದೋ ತೀರಿಕೊಂಡ ಸಹೋದ್ಯೋಗಿ ಎಂದುಕೊಂಡು ಮಾತಾಡಿಸುತ್ತಿದ್ದರು. ಕನ್ನಡಕ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ಎರಡು ತಿಂಗಳಿನಿಂದ ಹೊಸದೊಂದು ಶುರುವಾಗಿತ್ತು: ಎದುರಿನ ಔಷಧಿ ಅಂಗಡಿಯ ಮುಂದೆ ಒಬ್ಬ ನಿಂತು ಮನೆಯನ್ನೇ ನೋಡುತ್ತಾನಂತೆ.

“ಅವನೇ ಕಣೆ. ನಾನೇ ಒಳಗೆ ಹಾಕಿಸಿದ್ದೆ. ಈಗ ಹೊರಗೆ ಬಂದಿದ್ದಾನೆ.”

“ಹೆಸರೇನು?”

ಹೆಸರು ನೆನಪಾಗುತ್ತಿರಲಿಲ್ಲ. ಆಕೆ ಹೊರಗೆ ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಗಳಿಗೆ ಫೋನ್ ಮಾಡಿದರೆ, “ಅಪ್ಪನಿಗೆ ವಯಸ್ಸಾಯ್ತಮ್ಮ, ಹೂಂ ಅಂದುಬಿಡು” ಎಂದಳು. ಆಕೆ ಹೂಂ ಎನ್ನತೊಡಗಿದಳು.

ಕಳೆದ ಗುರುವಾರ ಬೆಳಗ್ಗೆ ಸ್ನಾನದ ಮನೆಯಲ್ಲಿದ್ದವಳಿಗೆ ಢಂ ಎಂಬ ಸದ್ದು ಕೇಳಿತು. ಒದ್ದೆ ಮೈಯಲ್ಲೇ ಸೀರೆ ಸುತ್ತಿಕೊಂಡು ಓಡಿಬಂದರೆ ನಡುಮನೆಯ ಕಿಟಕಿಯ ಗಾಜು ಪುಡಿಪುಡಿ. ಯಜಮಾನರು ಕುರ್ಚಿಯ ಹಿಂದೆ ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ನಡುಗುತ್ತಿದ್ದರು.

“ನಾನು ಹೊಡೀಲಿಲ್ಲ. ಒತ್ತಿದೆ, ಹಾರಲೇ ಇಲ್ಲ ಕಣೆ!”

ಬಾಯಿಗೆಲ್ಲ ಸಕ್ಕರೆ ಮೆತ್ತಿಕೊಂಡ ಮಗು ನಾನು ತಿಂದಿಲ್ಲ ಎನ್ನುವ ಹಾಗೆ. ಆಕೆ ಪಿಸ್ತೂಲು ಕಿತ್ತುಕೊಂಡು ಬೀರುವಿಗೆ ಬೀಗ ಜಡಿದಳು. ಆಮೇಲೆ ಅವರ ತಲೆಗೂದಲಿನಿಂದ, ಕಾಲರಿನ ಸಂದಿಯಿಂದ ಗಾಜಿನ ಚೂರು ಆರಿಸುತ್ತ ಅತ್ತಳು. ಸದ್ದು ಕೇಳಿ ಬಂದ ನೆರೆಯವರಿಗೆ ಹಳೇ ಟೀವಿ ಸಿಡಿಯಿತೆಂದು ಸುಳ್ಳು ಹೇಳಿದಳು. ನಿಜ ಹೇಳಿದರೆ ಪೊಲೀಸರು ಬರುತ್ತಿದ್ದರು; ಜೀವಮಾನವಿಡೀ ಅವರಿಂದ ಸಲ್ಯೂಟ್ ಹೊಡೆಸಿಕೊಂಡ ಮನುಷ್ಯನನ್ನು ಅವರೆದುರೇ ತಲೆಕೆಟ್ಟವನೆಂದು ನಿಲ್ಲಿಸಬೇಕಾಗುತ್ತಿತ್ತು. ಸಂಜೆ ಬೀದಿಗಿಳಿದು ಗುಂಡು ಎಲ್ಲಿ ಬಿದ್ದಿದೆಯೆಂದು ಹುಡುಕಿದಳು. ಸಿಗಲಿಲ್ಲ. ಯಾರಿಗೂ ತಗುಲಲಿಲ್ಲವಲ್ಲ ಎಂದು ಕೈಮುಗಿದಳು.

ಅವತ್ತಿನಿಂದ ಗಂಡನೆಂದರೆ ಭಯ. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದವರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು. ತನ್ನನ್ನೇ ಆ ‘ಅವನು’ ಎಂದುಕೊಂಡುಬಿಟ್ಟರೆ? ನಾಡಿದ್ದು ರಜೆಗೆ ಮೊಮ್ಮಗಳು ಬರುವವಳಿದ್ದಳು. ಹಿಂದಿನಿಂದ ಸದ್ದಿಲ್ಲದೆ ಬಂದು ತಾತನ ಕೊರಳಿಗೆ ಜೋತುಬೀಳುವ ಚಾಳಿ ಅವಳದು. ಯಜಮಾನರೋ ದಿನವೂ ಗೋಗರೆಯುತ್ತಿದ್ದರು: “ಬೀಗದ ಕೈ ಕೊಡೆ. ಒಂದ್ಸಲ ಬಿಚ್ಚಿ ನೋಡ್ತೀನಿ. ಒಳಗೆ ಏನೋ ಕೆಟ್ಟಿದೆ.”

ಕೆಟ್ಟಿರುವುದು ಎಲ್ಲಿ ಎಂದು ಆಕೆಗೆ ಗೊತ್ತಿತ್ತು.

ಇವತ್ತು ಗಟ್ಟಿ ಮನಸ್ಸು ಮಾಡಿ ಹೊರಟಿದ್ದಳು. ಮಾರುಕಟ್ಟೆಗೆ ಹೋಗಿ ಬರುತ್ತೇನೆಂದು ಹೇಳಿ, ಹೊಸ ಗಾಜು ಹಾಕಿಸಿದ ಕಿಟಕಿಯ ಮುಂದೆ ಕುರ್ಚಿ ಎಳೆದು ಅವರನ್ನು ಕೂರಿಸಿದ್ದಳು. ಅವರು ಪರದೆ ಎಳೆಯಹೋದರೆ ಗದರಿ, ಪೂರ್ತಿ ಸರಿಸಿ ಕಟ್ಟಿಬಿಟ್ಟಿದ್ದಳು.

“ಕತ್ತಲಲ್ಲಿ ಕೂತೂ ಕೂತೂ ಇಲ್ಲದ್ದೆಲ್ಲ ಕಾಣ್ಸುತ್ತೆ ನಿಮಗೆ. ಬೆಳಕಲ್ಲಿ ಪೇಪರ್ ಓದಿ. ನಾನು ಬರೋವರೆಗೂ ಏಳಬೇಡಿ.”

ಅವರು ಪೇಪರ್ ಬಿಡಿಸಿಕೊಂಡು ಕೂತಿದ್ದರು.

ಶಸ್ತ್ರಾಗಾರದ ಮುಖ್ಯಸ್ಥ ಯಜಮಾನರ ಕೈಕೆಳಗೇ ಪಳಗಿದವನು. ಆಕೆಯನ್ನು ಕಂಡದ್ದೇ ಎದ್ದುನಿಂತ.

“ಅತ್ತಿಗೆ, ನೀವ್ಯಾಕೆ ಬಂದ್ರಿ? ಸಾಹೇಬ್ರು ಹೇಗಿದ್ದಾರೆ?”

“ಚೆನ್ನಾಗಿದ್ದಾರೆ. ಇದನ್ನ ವಾಪಸ್ ತಗೊಂಡುಬಿಡಪ್ಪ. ಮೊಮ್ಮಗಳು ಬರ್ತಿದ್ದಾಳೆ, ಮನೇಲಿ ಬೇಡ.” ಗುರುವಾರದ ಸುದ್ದಿ ಎತ್ತಲಿಲ್ಲ.

ಅವನು ಉಣ್ಣೆ ಸರಿಸಿ, ಟವೆಲ್ ಬಿಚ್ಚಿ, ನಂಬರು ನೋಡಿ, ಕಾಗದವೊಂದನ್ನು ಮುಂದಿಟ್ಟ. ಸಹಿ ಹಾಕುವಾಗ ಗಂಡನ ಜೇಬು ಕತ್ತರಿಸಿದಷ್ಟು ನಾಚಿಕೆಯಾಯಿತು. ಹಾಕಿದ ಮೇಲೆ ಮಾತ್ರ ಎದೆಯ ಭಾರ ಸರ್ರನೆ ಇಳಿಯಿತು. ಮೊಮ್ಮಗಳು ಬರಲಿ, ಎಷ್ಟು ಬೇಕಾದರೂ ಜೋತಾಡಲಿ. ವಾರದ ಮೇಲೆ ಮೊದಲ ಸಲ ಆಕೆ ನಕ್ಕಳು. ಆದರೂ ಖಾಲಿ ಚೀಲವನ್ನು ಇನ್ನೂ ಎದೆಗೆ ಅವುಚಿಕೊಂಡೇ ಇದ್ದಳು.

ಅವನು ಅದನ್ನು ಗಮನಿಸಿದ. ಬಾಗಿಲು ಮುಂದಕ್ಕೆ ತಳ್ಳಿ ದನಿ ತಗ್ಗಿಸಿದ.

“ನಿಮ್ಮ ಹತ್ರ ಏನು ಮುಚ್ಚುಮರೆ, ಅತ್ತಿಗೆ. ನಮ್ಮ ಹಿರಿಯರಿಗೆ ಕೈ ನಡುಗೋಕೆ ಶುರುವಾದ್ರೆ ನಾವು ಫೇಲ್ ಮಾಡಲ್ಲ. ಪಕ್ಕದಲ್ಲಿ ನಿಂತ ನಮ್ಮವರೇ ಅವರ ಗುರಿಹಲಗೆಗೂ ನಾಲ್ಕು ಹೊಡೀತಾರೆ. ಮರ್ಯಾದೆ ಉಳೀಬೇಕಲ್ಲ. ಆದ್ರೆ ಅವರ ಪಿಸ್ತೂಲು ಶುಚಿಗೆ ಬಂದಾಗ ಗುಂಡಿಗೆ ಬಡಿಯೋ ಪಿನ್ನನ್ನ ತೆಗೆದುಬಿಡ್ತೀವಿ. ಅವರಿಗೆ ಹೇಳಲ್ಲ.”

“ಅಂದ್ರೆ?”

“ಅಂದ್ರೆ ಇದು ಎರಡು ವರ್ಷದಿಂದ ಬರೀ ಕಬ್ಬಿಣದ ತುಂಡು. ಎಷ್ಟು ಒತ್ತಿದ್ರೂ ಗುಂಡು ಹಾರಲ್ಲ. ನೀವು ಸುಮ್ನೆ ಹೆದರಿದ್ರಿ.”

ಗುರುವಾರದ ಗುಂಡು ಬೀದಿಯಿಂದ ಬಂದಿತ್ತು. ಪರದೆ ಸರಿಸಿ ಕಟ್ಟಿ, ಅದೇ ಕಿಟಕಿಗೆ ಎದುರಾಗಿ ಯಜಮಾನರನ್ನು ಕೂರಿಸಿ ಬಂದವಳು ತಾನೇ.