ಹುಲ್ಲಿಗೆ ಕಿವಿ ಬಂದ ಮೇಲೆ

ಹುಲ್ಲಿಗೆ ಕಿವಿ ಬಂದು ಆಗಲೇ ಮೂರು ಮಳೆಗಾಲ ಕಳೆದಿದ್ದವು. ಅಂಗಡಿಯಲ್ಲಿ ಶಾಂಭವಿ ಹುಲ್ಲು ಕತ್ತರಿಸುವ ಎರಡು ಯಂತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸಿದಳು. ಪೆಟ್ರೋಲಿನದು ಒಂದೇ ಸಲಕ್ಕೆ ಇಡೀ ಅಂಗಳವನ್ನು ಮುಗಿಸುತ್ತಿತ್ತು; ಬ್ಯಾಟರಿಯದು ಅರ್ಧ ಅಂಗಳಕ್ಕೇ ಸುಸ್ತಾಗುತ್ತಿತ್ತು.

“ಪೆಟ್ರೋಲಿಂದ ಕೊಡ್ರಿ,” ಎಂದಳು.

“ಅಕ್ಕಾರ, ಅದರ ಗದ್ದಲಕ್ಕ ಓಣಿ ತುಂಬ ಹುಲ್ಲು ಏಳತೈತಿ. ಸಿಕ್ಕವರ ಕಾಲು ಸುತ್ತಿ ಮಣ್ಣಾಗ ಎಳಕೋತೈತಿ,” ಎಂದ ಅಂಗಡಿಯ ಚನ್ನವೀರಪ್ಪ, ಮಿಕ್ಸಿಯ ವಾರಂಟಿ ವಿವರಿಸುವಷ್ಟೇ ನಿರಾಳವಾಗಿ. “ಮನ್ಯಾಗ ಯಾರದಾರ?”

“ಅವ್ವ ಒಬ್ಬಾಕಿನ. ಆಕಿಗೆ ಓಡಾಕ ಆಗೂದಿಲ್ಲ.”

“ಹಂಗಾರ ಬ್ಯಾಟರೀದ ಒಯ್ರಿ. ಅರ್ಧ ಇವತ್ತು, ಅರ್ಧ ನಾಳೆ. ನಿಮಗೇನು ಹುಲ್ಲಿನ ಕೂಡ ರೇಸ್ ಐತೇನ್ರಿ?”

ಶಾಂಭವಿ ನಕ್ಕು ಬ್ಯಾಟರಿಯದನ್ನೇ ಆರಿಸಿದಳು. ಅದನ್ನು ತಿಳಿಸಲು ಅವ್ವನಿಗೆ ಫೋನ್ ಮಾಡಿದಾಗ ಆ ಕಡೆಯಿಂದ ಎಂಜಿನ್ನಿನ ಭೋರ್ಗರೆತ ಕೇಳಿಸಿತು.

“ಬಾಜೂಮನಿ ಉಳವಪ್ಪ ಪೆಟ್ರೋಲ್ ಮಷೀನ್ ತಂದಾನವಾ. ಹುಲ್ಲಿಗೆಲ್ಲಿ ಕಿವಿ ಅಂತ ನಗತಾನ. ನಾ ಕಟ್ಟಿ ಮ್ಯಾಲ ಕುಂತು ನೋಡಾಕತ್ತೀನಿ.”

“ಅವ್ವಾ, ಮೊದಲ ಒಳಗ ಹೋಗು!” ಎಂದು ಶಾಂಭವಿ ಕೂಗುವಷ್ಟರಲ್ಲಿ ಎಂಜಿನ್ ಥಟ್ಟನೆ ನಿಂತಿತು.

“ಸದ್ಯ, ನಿಂತಿತು ನೋಡು,” ಎಂದಳು ಅವ್ವ, ಸಮಾಧಾನದಿಂದ. “ಉಳವಪ್ಪ ಮಾತ್ರ ಎಲ್ಲೂ ಕಾಣವಲ್ಲ.”