ಹುಟ್ಟಿದ ಸ್ಥಳ

ಇಬ್ಬರು ಹಮಾಲರು ಹೆರಿಗೆ ಮಂಚವನ್ನು ಲಾರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದರು. ಆರೋಗ್ಯ ಕೇಂದ್ರದ ದಾದಿ ಖಾಲಿಯಾದ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಊರಿಗೆಲ್ಲ ಅವರು ಸಿಸ್ಟರಮ್ಮ. ಆ ಕೋಣೆಯಲ್ಲಿ ಅವರದು ಇಪ್ಪತ್ತೆಂಟು ವರ್ಷ.

"ಬೇಜಾರು ಮಾಡ್ಕೋಬೇಡಿ ಸಿಸ್ಟರ್," ಸಾಮಾನಿನ ಪಟ್ಟಿ ಹಿಡಿದು ಜಿಲ್ಲಾ ಕಚೇರಿಯಿಂದ ಬಂದಿದ್ದ ಗುಮಾಸ್ತ ಹೇಳಿದ. "ತಿಂಗಳಿಗೆ ಹತ್ತು ಹೆರಿಗೆ ಆಗದ ಕಡೆ ಅನುದಾನ ಇಲ್ಲ ಅಂತ ಸರ್ಕಾರದ ಆದೇಶ. ಒಂದನೇ ತಾರೀಖಿನಿಂದಲೇ ಇಲ್ಲಿ ಹೆರಿಗೆ ಬಂದ್. ನಿಮ್ಮಲ್ಲಿ ಎಷ್ಟಾಗ್ತಿತ್ತು?"

"ಡಾಕ್ಟರು ಇದ್ದಾಗ ನಲವತ್ತು. ಅವರನ್ನ ವರ್ಗ ಮಾಡಿದ್ರು, ಬದಲಿಗೆ ಯಾರನ್ನೂ ಹಾಕಲಿಲ್ಲ. ಆಮೇಲೆ ಆಂಬುಲೆನ್ಸ್ ವಾಪಸ್ ತಗೊಂಡ್ರು. ಆರಾಯ್ತು, ನಾಲ್ಕಾಯ್ತು. ಈಗ ನೀವು ಬಂದ್ರಿ."

ಗುಮಾಸ್ತ ಕೆಟ್ಟವನಲ್ಲ. ತಲೆ ತಗ್ಗಿಸಿ ಪಟ್ಟಿಯ ಮೇಲೆ ಕಣ್ಣಾಡಿಸಿದ. ಸಿಸ್ಟರಮ್ಮನ ಕಣ್ಣೆದುರು ಆ ನಲವತ್ತರ ದಿನಗಳು ಬಂದವು. ಹೊರಗಿನ ಬೆಂಚುಗಳ ತುಂಬ ಉಗುರು ಕಚ್ಚುತ್ತ ಕೂತ ಗಂಡಂದಿರು. ಆರದೇ ಉರಿಯುತ್ತಿದ್ದ ಸ್ಟೌವ್, ಅದರ ಮೇಲೆ ಕುದಿಯುವ ನೀರು. ಒಂದೇ ದಿನ ಏಳು ಮಕ್ಕಳು ಹುಟ್ಟಿದಾಗ ತೊಟ್ಟಿಲು ಸಾಲದೆ ಡಾಕ್ಟರರ ಮೇಜಿನ ಮೇಲೇ ಸಾಲಾಗಿ ಮಲಗಿಸಿದ್ದರು. ಅದಲುಬದಲಾಗದಿರಲೆಂದು ಪುಟ್ಟ ಕೈಗಳಿಗೆ ಬ್ಯಾಂಡೇಜಿನ ಪಟ್ಟಿ ಕಟ್ಟುತ್ತ ಡಾಕ್ಟರು, "ಇವತ್ತು ನನಗೆ ಕೂರೋಕೂ ಜಾಗ ಬಿಡಲಿಲ್ಲವಲ್ಲ ಇವರು" ಎಂದು ನಕ್ಕಿದ್ದರು.

ಅಷ್ಟರಲ್ಲಿ ಬಾಡಿಗೆ ಕಾರೊಂದು ಗೇಟಿನೊಳಗೆ ನುಗ್ಗಿತು. ಹಿಂದಿನ ಸೀಟಿನಲ್ಲಿ ಒಬ್ಬ ತುಂಬು ಬಸುರಿ ಮುಷ್ಟಿ ಬಿಗಿಹಿಡಿದು ನರಳುತ್ತಿದ್ದಳು. ಅವಳ ತಾಯಿ ಇಳಿದು ಓಡಿಬಂದಳು. "ದೊಡ್ಡಾಸ್ಪತ್ರೆಗೇ ಹೊರಟಿದ್ವಿ ಸಿಸ್ಟರಮ್ಮ. ಇನ್ನೂ ಒಂದೂವರೆ ಗಂಟೆ ದಾರಿ ಇದೆ. ಇವಳ ಕೈಲಿ ಆಗ್ತಿಲ್ಲ."

ಸಿಸ್ಟರಮ್ಮ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಹಮಾಲರ ಕಡೆ ತಿರುಗಿದರು. "ಮಂಚ ಇಳಿಸ್ರಪ್ಪ."

"ಸಿಸ್ಟರ್, ಆದೇಶ..." ಎಂದ ಗುಮಾಸ್ತ.

"ಅದನ್ನ ನೀವು ಓದ್ತಾ ಇರಿ. ಅಷ್ಟರಲ್ಲಿ ನಾನು ಇವಳನ್ನ ನೋಡ್ತೀನಿ."

ಗುಮಾಸ್ತ ಪಟ್ಟಿಯನ್ನು ಜೇಬಿಗೆ ತುರುಕಿ, ಮಂಚದ ಒಂದು ಕಾಲಿಗೆ ತಾನೇ ಕೈಹಾಕಿದ.

ಮುಕ್ಕಾಲು ಗಂಟೆಯಲ್ಲಿ ಹೆಣ್ಣುಮಗು ಹುಟ್ಟಿತು. ಅದರ ಮೊದಲ ಅಳು ಕೇಳಿ ಹೊರಗೆ ಹಮಾಲರು ಬೀಡಿ ಆರಿಸಿದರು. ಅಜ್ಜಿಯಾದವಳು ಮೊಮ್ಮಗಳನ್ನು ಎದೆಗವಚಿಕೊಂಡು ಮೆಲ್ಲಗೆ ಕೇಳಿದಳು. "ನೆನಪಿದೆಯಾ ಸಿಸ್ಟರಮ್ಮ? ಇವಳಮ್ಮ ಹುಟ್ಟಿದ್ದೂ ಇಲ್ಲೇ. ಅವತ್ತು ನೋವು ತಡೀಲಾರದೆ ನಿಮ್ಮ ಕೈ ಕಚ್ಚಿಬಿಟ್ಟಿದ್ದೆ."

"ಕಚ್ಚಿದವರು ಹದಿಮೂರು ಜನ. ನೀನು ಎಷ್ಟನೆಯವಳೋ, ಯಾರಿಗೆ ಗೊತ್ತು." ಇಬ್ಬರೂ ನಕ್ಕರು. ನಗುತ್ತಲೇ ಸಿಸ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುಮಾಸ್ತ ತನ್ನ ಫೋನಿನಲ್ಲಿ ಜನನದ ವಿವರ ತುಂಬತೊಡಗಿದ. ಹೊತ್ತು, ತೂಕ, ತಾಯಿಯ ವಯಸ್ಸು ಎಲ್ಲ ಆಯಿತು. ನಂತರ ಅವನ ಬೆರಳು ನಿಂತುಬಿಟ್ಟಿತು.

"ಹುಟ್ಟಿದ ಸ್ಥಳ ಕೇಳ್ತಿದೆ ಸಿಸ್ಟರ್. ಆಸ್ಪತ್ರೆಗಳ ಪಟ್ಟಿಯಿಂದ ಈ ಕೇಂದ್ರದ ಹೆಸರು ತೆಗೆದುಬಿಟ್ಟಿದ್ದಾರೆ. ಇನ್ನು ಉಳಿದಿರೋದು ಎರಡೇ. ಮನೆ, ಇಲ್ಲಾ ದಾರಿಯಲ್ಲಿ." ಅವನು ತಡವರಿಸಿದ. "ದಾರಿಯಲ್ಲಿ ಅಂತ ಹಾಕಲಾ?"

ಸಿಸ್ಟರಮ್ಮ ಬಾಣಂತಿಯ ಹೊದಿಕೆಯನ್ನು ಸರಿಪಡಿಸಿದರು.

"ಹಾಕಿ," ಎಂದರು. "ಇನ್ಮೇಲೆ ಅದೇ ತಾನೆ ಜಾಸ್ತಿ ಬರೋದು. ಕೈಗೆ ರೂಢಿಯಾಗಲಿ."