ಅಮ್ಮ ಬಸ್ಸು ನಿಲ್ಲಿಸಿದಳು

ಶಾಲೆಯ ಮುಂದಿನ ತಿರುವಿನಲ್ಲಿ ನಡುರಸ್ತೆಗೆ ಬಂದು ಅಂಗೈ ಎತ್ತಿ ನಿಂತ ಮುದುಕಿಯನ್ನು ಕಂಡು ಡ್ರೈವರ್ ಬ್ರೇಕ್ ತುಳಿದ. ಬಸ್ಸು ಮುಗ್ಗರಿಸಿ ನಿಂತಿತು. ಒಳಗೆ ನಿಂತಿದ್ದವರು ಒಬ್ಬರ ಮೇಲೊಬ್ಬರು ವಾಲಿದರು. ಹಳದಿ ಕೋಟು, ಕೊರಳಲ್ಲಿ ಸೀಟಿ, ಕಿವಿಯವರೆಗೂ ಇಳಿದ ಟೋಪಿ. ಬೈಯಲೆಂದು ಕಿಟಕಿಯಿಂದ ತಲೆ ಹೊರಹಾಕಿದವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಟೋಪಿಯ ಕೆಳಗಿದ್ದದ್ದು ಅವನ ಅಮ್ಮ.

"ಅಮ್ಮಾ, ಇಲ್ಲೇನ್ ಮಾಡ್ತಿದ್ದೀಯ?"

ಅಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಒಮ್ಮೆ ಕಣ್ಣು ಪಿಳಿಪಿಳಿ ಮಾಡಿದಳು. ಆಮೇಲೆ ಸೀಟಿ ಊದಿದಳು. "ಅಲ್ಲೇ ನಿಲ್ಸು. ಇಂಜಿನ್ ರೊಂಯ್ ಅನ್ನಿಸಬೇಡ, ಮಕ್ಕಳು ಹೆದರ್ತವೆ."

ಆ ದಾರಿ ಅವನದಲ್ಲ. ಅಲ್ಲಿಯ ಡ್ರೈವರಿಗೆ ಜ್ವರವೆಂದು ಅವತ್ತು ಇವನನ್ನು ಡ್ಯೂಟಿಗೆ ಹಾಕಿದ್ದರು. ಬೆಳಗ್ಗೆ ಮನೆ ಬಿಡುವಾಗ ಅಮ್ಮ ಮೆತ್ತನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಬೆಯಲ್ಲಿ ಬೆಂದು, ಅವನನ್ನು ಒಬ್ಬಳೇ ಸಾಕಿ ದೊಡ್ಡವನನ್ನು ಮಾಡಿದವಳು. ಕೆಲಸಕ್ಕೆ ಸೇರಿದ ದಿನವೇ ಅವನು ತೀರ್ಮಾನ ಮಾಡಿಬಿಟ್ಟಿದ್ದ, ಇನ್ನು ಅಮ್ಮ ಒಂದು ಕಡ್ಡಿಯನ್ನೂ ಆಚೆಯಿಂದ ಈಚೆಗೆ ಎತ್ತಿಡಕೂಡದು. ಲೋಟ ತೊಳೆಯಲು ಹೋದರೂ ಕಸಿದುಕೊಳ್ಳುತ್ತಿದ್ದ. ಸಂಜೆ ಬಂದವನೇ ಚಪ್ಪಲಿ ಬಿಡುವ ಮೊದಲು "ಸುಖವಾಗಿದ್ದೀಯಾ ಅಮ್ಮಾ?" ಎಂದು ಕೇಳುತ್ತಿದ್ದ. "ಹೂಂ ಕಣೋ" ಅನ್ನುತ್ತಿದ್ದಳು. ಅಷ್ಟಕ್ಕೇ ಅವನ ಹೊಟ್ಟೆ ತುಂಬುತ್ತಿತ್ತು. ಮನುಷ್ಯ ಹುಟ್ಟುವುದೇ ಅದಕ್ಕಲ್ಲವೇ, ಕಷ್ಟಪಟ್ಟು ಕೊನೆಗೊಮ್ಮೆ ಸುಖವಾಗಿರುವುದಕ್ಕೆ ಎಂದು ಅವನ ನಂಬಿಕೆ.

ಎದುರಿನ ವಾಹನಗಳೂ ನಿಂತಿದ್ದವು. ಮಕ್ಕಳು ಸಾಲಾಗಿ ರಸ್ತೆಗಿಳಿದರು.

"ಅಮ್ಮಾ, ಮೊದ್ಲು ಬಸ್ ಹತ್ತು. ಮನೇಲಿ ನಿಂಗೇನ್ ಕಮ್ಮಿಯಾಗಿದೆ?" ಅವನು ಕಿಟಕಿಯಿಂದಲೇ ಕೂಗಿದ. ಅಮ್ಮ ಆಗಲೇ ಅವನಿಗೆ ಬೆನ್ನು ಹಾಕಿದ್ದಳು.

ಅಷ್ಟರಲ್ಲಿ ಪಕ್ಕದ ಕನ್ನಡಿಯಲ್ಲಿ ಒಂದು ಬೈಕು ಕಾಣಿಸಿತು. ನಿಂತ ವಾಹನಗಳನ್ನೆಲ್ಲ ಹಿಂದೆ ಹಾಕಿ ಬಸ್ಸಿನ ಮಗ್ಗುಲಲ್ಲೇ ನುಗ್ಗಿ ಬರುತ್ತಿತ್ತು. ಬಸ್ಸಿನ ಮೂತಿಯಾಚೆ ಏನಿದೆಯೆಂದು ಸವಾರನಿಗೆ ಕಾಣುವಂತಿರಲಿಲ್ಲ. ಡ್ರೈವರ್ ಇಡೀ ತೋಳನ್ನು ಹಾರನ್ನಿನ ಮೇಲೆ ಒತ್ತಿದ. ಅಮ್ಮ ತಿರುಗಿದಳು. ಓಡಲಿಲ್ಲ. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳನ್ನು ಬೆನ್ನ ಹಿಂದಕ್ಕೆ ತಳ್ಳಿ, ಅಂಗೈ ಮುಂದೆ ಚಾಚಿ, ಬೈಕಿಗೆ ಎದುರಾಗಿ ಹೆಜ್ಜೆಯಿಟ್ಟಳು. ಟೈರು ಕಿರುಚಿತು. ಬೈಕು ಅಡ್ಡಡ್ಡ ಜಾರಿ ಅವಳ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.

ಡ್ರೈವರ್ ಹೇಗೆ ಕೆಳಗೆ ಧುಮುಕಿದನೋ ಅವನಿಗೇ ತಿಳಿಯಲಿಲ್ಲ.

"ಅಜ್ಜಿ, ನಿಜವಾಗ್ಲೂ ನೋಡ್ಲಿಲ್ಲ," ಎಂದು ಸವಾರ ತೊದಲುತ್ತಿದ್ದ.

"ನೋಡ್ಲಿಲ್ಲ ಅಂತ ನಂಗೂ ಗೊತ್ತು. ನೋಡ್ಕೊಂಡೇ ಬಂದಿದ್ರೆ ನಿನ್ನ ಕಿವಿ ಈಗ ನನ್ನ ಕೈಯಲ್ಲಿರ್ತಿತ್ತು," ಅಂದಳು ಅಮ್ಮ. ಪುಟ್ಟ ಹುಡುಗಿಯನ್ನು ಆಚೆ ದಡ ಮುಟ್ಟಿಸಿ ಬಂದ ಮೇಲೆಯೇ ಮಗನ ಕಡೆ ತಿರುಗಿದಳು.

ಅವನು ಅವಳ ಭುಜ ಹಿಡಿದುಕೊಂಡ. ಅವಳ ಮುಖ ಕೆಂಪೇರಿ ಹೊಳೆಯುತ್ತಿತ್ತು. ಆ ಮೆತ್ತನೆಯ ಕುರ್ಚಿಯಲ್ಲಿ ಒಂದು ದಿನವೂ ಈ ಮುಖವನ್ನು ಅವನು ಕಂಡಿರಲಿಲ್ಲ.

"ಯಾವಾಗಿಂದ ಇದು?"

"ನೀನು ಡ್ಯೂಟಿಗೆ ಹೊರಟ ಮೇಲೆ ಬರ್ತೀನಿ. ಮಕ್ಕಳನ್ನ ರಸ್ತೆ ದಾಟಿಸೋಕೆ ಶಾಲೆಯವರು ಎಲ್ಲರನ್ನೂ ಕೇಳಿದ್ರು, ಯಾರೂ ಒಪ್ಪಲಿಲ್ಲ. ನಾನು ಹೂಂ ಅಂದೆ. ನಿನ್ನ ಹೆಂಡ್ತಿಗೆ ಗೊತ್ತು, ಅವಳನ್ನ ಬೈಬೇಡ."

"ಏನಾದ್ರೂ ಆಗಿದ್ರೆ? ನೀನು ಸುಖವಾಗಿರ್ಲಿ ಅಂತ ತಾನೇ ನಾನು ಇಷ್ಟು ಒದ್ದಾಡೋದು?"

"ಸುಖವಾಗೇ ಇಟ್ಟಿದ್ದೀಯಪ್ಪ, ಇಲ್ಲ ಅಂದೋರ್ಯಾರು? ಆದ್ರೆ ಬೆಳಗ್ಗೆ ಎದ್ದು ಸುಖವಾಗಿರೋದು, ಮಧ್ಯಾಹ್ನ ಊಟ ಮಾಡಿ ಸುಖವಾಗಿರೋದು, ಸಂಜೆ ನೀನು ಕೇಳಿದಾಗ ಸುಖವಾಗಿದ್ದೀನಿ ಅನ್ನೋದು. ಮನುಷ್ಯರು ಮಾಡೋ ಕೆಲಸವೇನೋ ಅದು?"

"ಹಂಗಾದ್ರೆ ಇಲ್ಲಿ ನಿಂತ್ರೆ ನಿಂಗೆ ಸುಖಾನಾ?"

ಅಮ್ಮ ಯೋಚಿಸಿದಳು. ಮಾತಿಗಲ್ಲ, ನಿಜವಾಗಿಯೇ ಯೋಚಿಸಿದಳು. "ಬಿಸಿಲು, ಹೊಗೆ, ಮಂಡಿ ನೋವು. ಸುಖ ಏನೂ ಇಲ್ಲ. ಆದ್ರೆ ಸುಖವಾಗಿದ್ದೀನಾ ಇಲ್ವಾ ಅಂತ ನೋಡ್ಕೊಳ್ಳೋಕೆ ಇಲ್ಲಿ ಪುರುಸೊತ್ತೇ ಸಿಗಲ್ಲ ಕಣೋ." ಅವನ ಕೈ ಬಿಡಿಸಿಕೊಂಡು ಟೋಪಿ ಸರಿಮಾಡಿಕೊಂಡಳು. "ಹೋಗು, ನಿನ್ನ ಜನ ಕಾಯ್ತಿದ್ದಾರೆ. ನಂಗೂ ಇನ್ನೊಂದು ಗುಂಪು ಬರ್ತಿದೆ."

ಅವನು ಬಸ್ಸು ಹತ್ತಿದ. ಕಂಡಕ್ಟರ್ "ರೈಟ್" ಅಂದ. ಕನ್ನಡಿಯಲ್ಲಿ ಹಿಂದೆ ಬೈಕುಗಳು ಜೇನುಹುಳುಗಳ ಹಾಗೆ ಮುತ್ತಿಕೊಳ್ಳುತ್ತಿದ್ದವು. ಡ್ರೈವರ್ ಗೇರು ಹಾಕಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಬಸ್ಸನ್ನು ಮೆಲ್ಲಗೆ ರಸ್ತೆಗೆ ಅಡ್ಡಲಾಗಿ ತಂದು ನಿಲ್ಲಿಸಿದ. ಇಲಿ ನುಸುಳಲೂ ಜಾಗ ಉಳಿಯಲಿಲ್ಲ. ಹಿಂದಿನ ಹಾರನ್ನುಗಳೆಲ್ಲ ಒಟ್ಟಿಗೆ ಬೊಬ್ಬೆಯಿಟ್ಟವು.

"ಅಣ್ಣ, ಇದೇನಿದು, ಇಡೀ ರಸ್ತೇನೇ ಕಟ್ಟಿಬಿಟ್ರಲ್ಲ?" ಅಂದ ಕಂಡಕ್ಟರ್.

ಡ್ರೈವರ್ ಇಂಜಿನ್ ಆರಿಸಿ ಕೈಕಟ್ಟಿ ಕೂತ.

ಅಮ್ಮ ಒಮ್ಮೆ ಬಸ್ಸನ್ನು ನೋಡಿದಳು, ಒಮ್ಮೆ ಮಗನನ್ನು. ಆಮೇಲೆ ಅಂಚಿನಲ್ಲಿ ಕಾದು ನಿಂತಿದ್ದ ಮಕ್ಕಳ ಕಡೆ ತಿರುಗಿ ಹೇಳಿದಳು.

"ಇವತ್ತು ಬೇಕಾದ್ರೆ ಕುಣ್ಕೊಂಡು ಹೋಗಿ."